ಚೆಲ್ಲೊ ಪುಟ ಸುಲಭ, ಪಿಯಾನೊ ಪುಟ?

ಕೋಲಾರದಲ್ಲಿ ಕೀಬೋರ್ಡ್ ಕಲಿಯುವ ಮಕ್ಕಳು ಬೀದಿಗೊಬ್ಬರು ಸಿಗುತ್ತಾರೆ. ಚೆಲ್ಲೊ, ಅಂದರೆ ಕೂತು ಕಮಾನಿನಿಂದ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ಹಿಡಿದ ಮಗು ಸಿಗುವುದೇ ಅಪರೂಪ. ನವೆಂಬರಿನ ಆ ಭಾನುವಾರ ಅಂಥ ಒಂದು ಜೋಡಿಗೆ ಸ್ಕೂಲ್ ಡೇ ಹಾಡು ಗೊತ್ತುಮಾಡಬೇಕಿತ್ತು. ನಾಲ್ಕನೇ ಕ್ಲಾಸಿನ ಹುಡುಗಿ, ಅವಳದು ಅರ್ಧ ಸೈಜಿನ ಚೆಲ್ಲೊ. ಪಕ್ಕದ ಮನೆಯ ಹುಡುಗ, ಅವನದು 61 ಕೀಗಳ ಕೀಬೋರ್ಡ್. ಇಬ್ಬರಿಗೂ ಕಲಿಕೆಯ ಮೊದಲ ವರ್ಷ.

ನೆಟ್‌ನಲ್ಲಿ ‘ಚೆಲ್ಲೊ ಡುಯೆಟ್’ ಅಂತ ಹುಡುಕಿದರೆ ಬರುವುದು ಬಹುಪಾಲು ಎರಡು ಚೆಲ್ಲೊಗಳ ಹಾಡು. ‘ಚೆಲ್ಲೊ ಅಂಡ್ ಪಿಯಾನೊ, ಫಸ್ಟ್ ಪೊಸಿಷನ್’ ಅಂತ ಕೇಳಬೇಕು. ಫಸ್ಟ್ ಪೊಸಿಷನ್ ಅಂದರೆ ಎಡಗೈ ತಂತಿಯುದ್ದಕ್ಕೆ ಸರಿಯದೆ ಬಿರಡೆಗಳ ಹತ್ತಿರವೇ ಉಳಿಯುವ ಮೊದಲ ಜಾಗ. ಆಗ ಪುಸ್ತಕಗಳೇನೋ ಸಿಗುತ್ತವೆ: ಸುಜುಕಿ ಚೆಲ್ಲೊ ಸ್ಕೂಲ್ ಮೊದಲ ಭಾಗ, ಚೆಲ್ಲೊ ಟೈಮ್ ಜಾಗರ್ಸ್. ಎರಡಕ್ಕೂ ಪಿಯಾನೊ ಪುಸ್ತಕ ಬೇರೆಯೇ ಆಗಿ ಮಾರಾಟವಾಗುತ್ತದೆ. ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸುವವರು ಚೆಲ್ಲೊ ಪುಸ್ತಕವೊಂದನ್ನೇ ತರಿಸಿ, ಪಾರ್ಸಲ್ ಬಿಚ್ಚಿ ಪೆಚ್ಚಾಗುವುದುಂಟು. ಆರ್ಡರ್ ಹಾಕುವ ಮುಂಚೆ ‘ಪಿಯಾನೊ ಅಕಂಪನಿಮೆಂಟ್’ ಅನ್ನುವ ಪುಸ್ತಕವೂ ಬುಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ಎರಡೂ ಬಂದವು ಅನ್ನಿ. ಅಸಲು ತೊಡಕು ಶುರುವಾಗುವುದು ಇಲ್ಲೇ. ಈ ಪುಸ್ತಕಗಳಲ್ಲಿ ‘ಸುಲಭ’ ಅನ್ನುವ ಮಾತು ಚೆಲ್ಲೊಗೆ ಮಾತ್ರ ಸಲ್ಲುತ್ತದೆ. ಪಿಯಾನೊ ಪುಟವನ್ನು ಬರೆದಿರುವುದು ಮಗುವಿನ ಜೊತೆ ನುಡಿಸುವ ಮೇಷ್ಟ್ರಿಗಾಗಿ. ಚೆಲ್ಲೊ ಮಗು ಬೆರಳಿಡದೆ ಬರೀ ತೆರೆದ ತಂತಿ ಎಳೆಯುವಾಗಲೂ ಪಿಯಾನೊದಲ್ಲಿ ಎರಡು ಕೈ ತುಂಬ ಕಾರ್ಡುಗಳು (ಒಟ್ಟಿಗೆ ಒತ್ತುವ ಹಲವು ಸ್ವರಗಳು), ಎಡಗೈಗೆ ಜಿಗಿತ. ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳ ಆರಂಭದ ಹಂತಗಳಾದ ಇನಿಷಿಯಲ್, ಗ್ರೇಡ್ 1 ಹಾಡುಗಳದೂ ಇದೇ ಕಥೆ. ಹಾಗಾಗಿ ಇಬ್ಬರೂ ಮಕ್ಕಳಾದರೆ ಮೊದಲು ತೆರೆಯಬೇಕಾದದ್ದು ಪಿಯಾನೊ ಪುಟ. ಅಲ್ಲಿ ಕೈ ಐದು ಬೆರಳಿನ ಜಾಗ ಬಿಟ್ಟು ಓಡಾಡುತ್ತಿದ್ದರೆ ಆ ಹಾಡು ಬೇಡ, ಅಥವಾ ಪಿಯಾನೊ ಭಾಗವನ್ನು ನೀವೇ ಹೊಸದಾಗಿ ಬರೆಯಬೇಕು. ಬರೆಯುವುದೇ ವಾಸಿ ಅಂತ ನಮ್ಮ ಅಭಿಪ್ರಾಯ.

ಚೆಲ್ಲೊ ಪುಟ ಜರಡಿ ಹಿಡಿಯುವುದು ಇದಕ್ಕಿಂತ ಬೇಗ ಆಗುತ್ತದೆ. ಚೆಲ್ಲೊಗೆ ನಾಲ್ಕು ತಂತಿ, ಮೇಲಿನ ಶ್ರುತಿಯಿಂದ ಕೆಳಕ್ಕೆ ಎ, ಡಿ, ಜಿ, ಸಿ. ಅದರ ಸ್ವರ ಬರೆಯುವುದು ಬೇಸ್ ಕ್ಲೆಫ್ ಎಂಬ ಗುರುತಿನ ಸಾಲಿನಲ್ಲಿ. ಬೇಸ್ ಕ್ಲೆಫ್‌ನ ಐದು ಗೆರೆಗಳ ಮೇಲೆ ಒಂದು ಪುಟ್ಟ ಗೆರೆ ಬಂದರೆ ಅದು ಮಿಡಲ್ ಸಿ, ಕೀಬೋರ್ಡಿನ ನಡುಭಾಗದ ಸಿ. ಅದರ ನೆತ್ತಿಯ ಮೇಲೆ ಕೂತಿರುವ ಡಿ, ಎ ತಂತಿಯಲ್ಲಿ ನಾಲ್ಕನೇ ಬೆರಳು (ಚೆಲ್ಲೊದಲ್ಲಿ ತೋರುಬೆರಳು ಒಂದು, ಕಿರುಬೆರಳು ನಾಲ್ಕು). ಫಸ್ಟ್ ಪೊಸಿಷನ್ ಅಲ್ಲಿಗೆ ಮುಗಿಯಿತು. ಎರಡನೇ ಪುಟ್ಟ ಗೆರೆ ಕಂಡರೆ ಹಾಡು ಬಿಡಿ. ಆಮೇಲೆ ಕೀ ಸಿಗ್ನೇಚರ್, ಅಂದರೆ ಸಾಲಿನ ಆರಂಭದಲ್ಲಿರುವ ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವುದು), ಫ್ಲಾಟ್ (ಇಳಿಸುವುದು) ಗುರುತುಗಳು. ಎರಡು ಶಾರ್ಪ್, ಒಂದು ಶಾರ್ಪ್, ಏನೂ ಇಲ್ಲದ್ದು, ಈ ಮೂರು ಸರಿ. ಮೂರು ಶಾರ್ಪ್ ಇದ್ದರೆ ಜಿ ಶಾರ್ಪ್ ಬರುತ್ತದೆ, ಡಿ ತಂತಿಯ ಮೇಲೆ ಕೈ ಮುಂದಕ್ಕೆ ಚಾಚಬೇಕು. ಒಂದೇ ಒಂದು ಫ್ಲಾಟ್ ಇದ್ದರೂ ಎ ತಂತಿಯಲ್ಲಿ ಬಿ ಫ್ಲಾಟ್‌ಗೆ ತೋರುಬೆರಳು ಹಿಂದಕ್ಕೆ ಚಾಚಬೇಕು. ಮೊದಲ ವರ್ಷದ ಮಗುವಿಗೆ ಈ ಚಾಚಾಟ ಕೊಟ್ಟರೆ ಹೆಬ್ಬೆರಳು ಬಿಗಿಯುತ್ತದೆ, ಮಣಿಕಟ್ಟು ಕುಸಿಯುತ್ತದೆ, ಮಿಕ್ಕ ಸ್ವರಗಳ ಶ್ರುತಿಯೂ ಕೆಡುತ್ತದೆ. ಸಾಂಸಾನ್‌ನ ‘ದಿ ಸ್ವಾನ್’ ನಿಧಾನವಾದ ಹಾಡಲ್ಲವೇ, ಅದನ್ನೇ ಕೊಡಿ ಅಂತ ಅಪ್ಪಅಮ್ಮಂದಿರು ಕೇಳುತ್ತಾರೆ. ನಿಧಾನ ನಿಜ, ಆದರೆ ಅದರಲ್ಲಿ ಕೈ ತಂತಿಯುದ್ದಕ್ಕೂ ಮೇಲೇರುತ್ತದೆ. ಅದಕ್ಕಿನ್ನೂ ವರ್ಷಗಳು ಬೇಕು.

ಉಳಿದವುಗಳಲ್ಲಿ ‘ಟ್ವಿಂಕಲ್’ ಒಂದು. ಹುಡುಗಿ ಅದನ್ನು ಡಿ ಶ್ರುತಿಯಲ್ಲಿ ನುಡಿಸುತ್ತಿರುವಾಗ ಒಳಗಿನಿಂದ ಅವಳ ಅಜ್ಜಿ, “ಇದು ಶ್ಯಾಮಲೇ ಮೀನಾಕ್ಷಿ ಅಲ್ವೇನಮ್ಮಾ?” ಅಂದರು. ಹೌದು, ಅದೇ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳಲ್ಲಿ ಅದೂ ಒಂದು. ಎಲ್ಲ ಶಂಕರಾಭರಣ, ಅಂದರೆ ಮೇಜರ್ ಸ್ಕೇಲು. ಸ್ವರ ತೂಗಾಡಿಸುವ ಗಮಕದ ಕಾಟವಿಲ್ಲ. ‘ಶಕ್ತಿಸಹಿತ ಗಣಪತಿಂ’ ಈ ಕಡೆಯ ಸಂಗೀತ ಕ್ಲಾಸುಗಳಲ್ಲಿ ಮಕ್ಕಳಿಗೆ ಬಾಯಿಪಾಠ. ಚೆಲ್ಲೊ ಪಿಯಾನೊ ಜೋಡಿಗೆ ಇವು ಹೇಳಿ ಮಾಡಿಸಿದಂತಿವೆ. ಸಭೆಯಲ್ಲಿ ಕೂತ ಅಜ್ಜಅಜ್ಜಿಯರಿಗೂ ಪರಿಚಿತ, ಸ್ಕೂಲಿನವರಿಗೂ ಇಂಗ್ಲಿಷ್ ಪದ್ಯವೆಂಬ ಸಮಾಧಾನ.

ಚೆಲ್ಲೊ ಬೆರಳು ಹೀಗೆ: ಡಿ ತಂತಿ ತೆರೆದು ಎರಡು ಸಲ, ಎ ತಂತಿ ತೆರೆದು ಎರಡು ಸಲ, ಎ ಮೇಲೆ ಒಂದನೇ ಬೆರಳು ಎರಡು ಸಲ, ಮತ್ತೆ ತೆರೆದ ಎ ಉದ್ದಕ್ಕೆ. ಆಮೇಲೆ ಡಿ ತಂತಿಯಲ್ಲಿ ನಾಲ್ಕು ನಾಲ್ಕು, ಮೂರು ಮೂರು, ಒಂದು ಒಂದು, ತೆರೆದದ್ದು. ಹುಡುಗನ ಎಡಗೈಗೆ ಕೀಬೋರ್ಡಿನ ಎಡತುದಿಯ ಸಪ್ತಕದಲ್ಲಿ ಒಂಟಿ ಸ್ವರಗಳು ಸಾಕು: ಕಿರುಬೆರಳಿಗೆ ಡಿ, ತೋರುಬೆರಳಿಗೆ ಜಿ, ಹೆಬ್ಬೆರಳಿಗೆ ಎ. ಮೂರೂ ಬಿಳಿ ಕೀ, ಕೈ ಕದಲಿಸಬೇಕಿಲ್ಲ. ಎರಡೆರಡು ಎಣಿಕೆಗೆ ಒಂದರಂತೆ ಡಿ ಡಿ ಜಿ ಡಿ, ಜಿ ಡಿ ಎ ಡಿ. ನಡುವಿನ ಸಾಲಿಗೆ ಡಿ ಜಿ ಡಿ ಎ, ಎರಡು ಸಲ. ಕೊನೆಗೆ ಮೊದಲ ಸಾಲೇ ಮತ್ತೆ. ಇದಿಷ್ಟು ಕೂತ ಮೇಲೆ ಬಲಗೈಗೆ ಮಿಡಲ್ ಸಿಯಿಂದ ಮೇಲೆ ಏನಾದರೂ ಕೊಡಬಹುದು. ಎಡಗೈಗೆ ಮಾತ್ರ ಕಾರ್ಡು ಕೊಡಬೇಡಿ. ಅಷ್ಟು ಕೆಳಗಿನ ಸ್ವರಗಳು ಒತ್ತೊತ್ತಾಗಿ ಮೊಳಗಿದರೆ ಗಿಜಿಗಿಜಿ ಎನಿಸುತ್ತದೆ, ಅರ್ಧ ಸೈಜಿನ ಚೆಲ್ಲೊದ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತದೆ.

ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಬಗ್ಗೆ ಹುಷಾರಾಗಿರಿ, ಅದು ಇಡೀ ಕೀಬೋರ್ಡಿನ ಶ್ರುತಿ ಏರಿಸುತ್ತದೆ, ಇಳಿಸುತ್ತದೆ. ಹುಡುಗನಿಗೆ ಸಿ ಶ್ರುತಿ ಮಾತ್ರ ಗೊತ್ತಿದ್ದರೆ ಅದನ್ನು +2 ಮಾಡಿದರೆ ಸಿ ಒತ್ತಿದಾಗ ಡಿ ಕೇಳುತ್ತದೆ, ಆ ಮಟ್ಟಿಗೆ ಉಪಕಾರಿ. ಆದರೆ ಅದು ಹಾಗೇ ಇರುವಾಗ ಚೆಲ್ಲೊ ಶ್ರುತಿ ಮಾಡಲು ಎ ಒತ್ತಿದರೆ ಬರುವುದು ಬಿ. ಆ ದನಿಗೆ ಎ ತಂತಿ ಬಿಗಿದರೆ ತಂತಿ ಕಿತ್ತರೂ ಕಿತ್ತೀತು. ಟ್ರಾನ್ಸ್‌ಪೋಸ್ ಸೊನ್ನೆಗೆ ತಂದು, ಮಿಡಲ್ ಸಿಯ ಕೆಳಗಿನ ಎಗೆ ಎ ತಂತಿ ಕೂಡಿಸಿ, ಆಮೇಲೆ ಡಿ, ಜಿ, ಸಿ ತಂತಿಗಳನ್ನು ಮುಗಿಸಿ, ಕೊನೆಗಷ್ಟೇ ಬಟನ್ ಮುಟ್ಟಿ. ಚಳಿಗಾಲದ ಒಣಗಾಳಿಗೆ ಬಿರಡೆ ಸಂಕುಚಿಸಿ ಜಾರುತ್ತದೆ, ಒಳಕ್ಕೆ ಒತ್ತಿಕೊಂಡೇ ತಿರುಗಿಸಬೇಕು.

ಅಜ್ಜಿಯ ಮಾತಿನಿಂದ ಇನ್ನೊಂದು ದಾರಿಯೂ ತೆರೆಯಿತು, ಕರ್ನಾಟಕ ಸಂಗೀತದ ಆರಂಭ ಪಾಠಗಳಾದ ಗೀತೆಗಳದು. ‘ಲಂಬೋದರ ಲಕುಮಿಕರ’ ಎಲ್ಲರ ನಾಲಿಗೆಯ ಮೇಲಿದೆ, ಆದರೆ ಅದರ ಮಲಹರಿ ರಾಗದ ಶುದ್ಧ ರಿಷಭ, ಶುದ್ಧ ಧೈವತ ಎರಡಕ್ಕೂ ಬೆರಳು ಹಿಂದಕ್ಕೆ ಚಾಚಬೇಕು. ಸದ್ಯಕ್ಕೆ ಬೇಡ. ಮೋಹನ ರಾಗದ ‘ವರವೀಣಾ’ ಬೇರೆ ಮಾತು. ಅದನ್ನು ಡಿ ಶ್ರುತಿಯಲ್ಲಿ ಹಿಡಿದರೆ ಮೇಲಿನ ರಿಷಭ ಫಸ್ಟ್ ಪೊಸಿಷನ್ ದಾಟಿಹೋಗುತ್ತದೆ. ಜಿ ಶ್ರುತಿಗೆ ಇಳಿಸಿದರೆ ಎಲ್ಲವೂ ಕೈಯಳತೆಗೆ ಬರುತ್ತದೆ: ಸ ತೆರೆದ ಜಿ, ರಿ ಒಂದು, ಗ ಮೂರು, ಪ ತೆರೆದ ಡಿ, ದ ಒಂದು, ಮೇಲಿನ ಸ ನಾಲ್ಕು, ಮೇಲಿನ ರಿ ತೆರೆದ ಎ. ಪಿಯಾನೊಗೆ ಜಿ ಮತ್ತು ಡಿ, ತಂಬೂರಿಯ ಹಾಗೆ, ತಾಳದ ಮೊದಲ ಪೆಟ್ಟಿಗೊಮ್ಮೆ. ಬರೀ ಸ್ವರ ನುಡಿಸಿದ ಮೋಹನ ಕೇಳಿ ಸಂಗೀತದ ಮೇಷ್ಟ್ರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಬೀಥೋವನ್‌ನ ಒಂಬತ್ತನೇ ಸಿಂಫನಿಯ ‘ಓಡ್ ಟು ಜಾಯ್’ ಕೂಡ ಡಿ ಶ್ರುತಿಯಲ್ಲಿ ಐದೇ ಸ್ವರ. ಮೂರನೇ ಸಾಲಿನ ಕೊನೆಗೆ ಮಾತ್ರ ಕೆಳಗಿನ ಎ ಬರುತ್ತದೆ, ಜಿ ತಂತಿಯಲ್ಲಿ ಒಂದನೇ ಬೆರಳು. ಕಷ್ಟವಾದರೆ ಮೇಲಿನ ತೆರೆದ ಎ ಹಾಕಿ. ಅದರ ಬೆನ್ನಿಗೇ ನಾಲ್ಕನೇ ಸಾಲು ಒಂದು ಎಣಿಕೆ ಮುಂಚಿತವಾಗಿ ಶುರುವಾಗುತ್ತದೆ, ಮಕ್ಕಳು ದಿಕ್ಕುತಪ್ಪುವುದು ಅಲ್ಲೇ. ಆ ಸ್ವರವನ್ನು ಮುಂದಿನ ಎಣಿಕೆಗೆ ಬೆಸೆಯುವ ಟೈ ಗೆರೆ ತೆಗೆದು ಎಣಿಕೆ ಒಂದಕ್ಕೇ ಹಿಡಿಸಿ.

ಸೇರಿಸಿ ನುಡಿಸುವಾಗ ಚೆಲ್ಲೊ ಹುಡುಗಿ ಮೊದಲು ಕಮಾನು ಕೆಳಗಿಟ್ಟು ಬೆರಳಿನಿಂದ ಮೀಟಲಿ. ಮೀಟಿದ ತಂತಿಗೂ ಒತ್ತಿದ ಕೀಗೂ ದನಿ ಥಟ್ಟನೆ ಶುರುವಾಗುವುದರಿಂದ ಯಾರು ಹಿಂದೆ ಬಿದ್ದರು ಅಂತ ಮಕ್ಕಳಿಗೇ ಗೊತ್ತಾಗುತ್ತದೆ. ಕಮಾನು ಹಿಡಿದರೆ ದನಿ ಏಳಲು ಒಂದಿಷ್ಟು ಹೊತ್ತು ಬೇಕು, ಅದಕ್ಕೇ ಚೆಲ್ಲೊ ಸದಾ ತಡವಾದಂತೆ ಕೇಳುವುದು. ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 60 ಪೆಟ್ಟಿಗಿಂತ ಮೇಲೆ ಹೋಗುವುದು ಬೇಡ. ಕೀಬೋರ್ಡಿನ ಆಟೊ ರಿದಮ್ ಅಂತೂ ಬೇಡವೇ ಬೇಡ. ಚೆಲ್ಲೊ ಕೀಬೋರ್ಡಿನ ಬಲಕ್ಕೆ, ಸ್ವಲ್ಪ ಮುಂದೆ. ಹುಡುಗನಿಗೆ ಕಮಾನು ಕಾಣಬೇಕು, ಅವಳು ಉಸಿರೆಳೆದು ಕಮಾನು ಎತ್ತಿದ್ದೇ ಸನ್ನೆ.

ಸ್ಟೇಜಿನ ಮೇಲೆ ಹಾಕುವ ಕೈಯುಳ್ಳ ಪ್ಲಾಸ್ಟಿಕ್ ಕುರ್ಚಿ ಚೆಲ್ಲೊಗೆ ಆಗದು, ಮೊಣಕೈಗೆ ತಗಲುತ್ತದೆ. ಮಂಡಿ ಸೊಂಟಕ್ಕಿಂತ ಚೂರು ತಗ್ಗಿರುವಂಥ ಸ್ಟೂಲ್ ಮನೆಯಿಂದಲೇ ಒಯ್ಯಿರಿ. ಗ್ರಾನೈಟ್ ನೆಲದಲ್ಲಿ ಚೆಲ್ಲೊದ ತಳದ ಮೊಳೆ ಜಾರುತ್ತದೆ. ಹಳೆಯ ಬೆಲ್ಟಿನ ಬಕಲ್ ಕಡೆಗೆ ಮೊಳೆ ಸಿಕ್ಕಿಸಿ, ಇನ್ನೊಂದು ತುದಿ ಸ್ಟೂಲಿನ ಕಾಲಿಗೆ ಕಟ್ಟಿದರೆ ನಿಲ್ಲುತ್ತದೆ. ಕರೆಂಟ್ ಹೋದರೆ ಕೀಬೋರ್ಡ್ ಮೂಕ, ಒಳಗೆ ಹೊಸ ಸೆಲ್ ಹಾಕಿಡಿ. ನೊಟೇಶನ್ ಹಾಳೆಯನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿ, ಪ್ರತಿ ಸಾಲಿನ ಆರಂಭದಲ್ಲಿ ಇಬ್ಬರ ಹಾಳೆಗೂ ಒಂದೇ ನಂಬರ್ ಪೆನ್ಸಿಲ್‌ನಲ್ಲಿ ಬರೆಯಿರಿ. ನಡುವೆ ನಿಂತುಹೋದರೆ “ಮೂರರಿಂದ” ಅಂತ ಪಿಸುಗುಟ್ಟಿದರೆ ಸಾಕು, ಇಬ್ಬರೂ ಒಂದೇ ಕಡೆ ಎತ್ತಿಕೊಳ್ಳುತ್ತಾರೆ.