ಪಹಣಿ ಕೌಂಟರಿನ ಎದುರು ಕಲಿತ ಎಂ.ಸಿ.ಎ.

ನಾವು ಓದುವಾಗ ಎಂ.ಸಿ.ಎ. ಮೂರು ವರ್ಷದ ಕೋರ್ಸು, ಆರು ಸೆಮಿಸ್ಟರ್. ನಮ್ಮ ಬ್ಯಾಚಿನಲ್ಲಿ ಬಿ.ಕಾಂ. ಮುಗಿಸಿ ಬಂದವರಿದ್ದರು, ಬಿ.ಎಸ್ಸಿ.ಯವರಿದ್ದರು, ಲ್ಯಾಬಿಗೆ ಬಂದ ಮೇಲೆಯೇ ಕಂಪ್ಯೂಟರ್ ಮುಟ್ಟಿದವರೂ ಇದ್ದರು. ಜಾವಾ ಬಂದರೆ ಬೆಂಗಳೂರಿನಲ್ಲಿ ಕೆಲಸ ಗ್ಯಾರಂಟಿ ಅನ್ನುವುದು ಹಾಸ್ಟೆಲಿನ ತುಂಬಾ ಕೇಳಿಬರುತ್ತಿದ್ದ ಮಾತು. ಇನ್ಫರ್ಮೇಶನ್ ಸಿಸ್ಟಮ್ಸ್, ಅಂದರೆ ಮಾಹಿತಿ ವ್ಯವಸ್ಥೆಗಳ ಪೇಪರನ್ನು ಮಾತ್ರ ಹಿಂದಿನ ರಾತ್ರಿ ಓದಿಕೊಂಡರೆ ಸಾಕು ಅಂತ ಸೀನಿಯರ್‌ಗಳು ಹೇಳಿದ್ದರು. ಇವತ್ತು ನಾನು ಮಾಡುತ್ತಿರುವ ಕೆಲಸಕ್ಕೆಲ್ಲ ಆ ಪೇಪರೇ ತಳಹದಿ. ಅದಕ್ಕೆ ಕಾರಣ ಆ ಪಾಠ ಮಾಡಿದ ಮೇಡಂ.

ಮೇಡಂ ಮೊದಲ ತರಗತಿಗೆ ಪಹಣಿಯ, ಅಂದರೆ ಜಮೀನು ಯಾರದು, ಉಳುವವರು ಯಾರು ಅಂತ ಹೇಳುವ ಸರ್ಕಾರಿ ದಾಖಲೆಯ, ಜೆರಾಕ್ಸ್ ಪ್ರತಿಗಳನ್ನು ತಂದಿದ್ದರು. ಎಲ್ಲರ ಕೈಗೂ ಒಂದೊಂದು ಕೊಟ್ಟು, "ಇದಕ್ಕೊಂದು ಡೇಟಾಬೇಸ್ ಮಾಡಿ" ಅಂದರು. ಸುಲಭ ಅನ್ನಿಸಿತು. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಮಾಲೀಕರ ಹೆಸರು ಅಂತ ಗೆರೆ ಹಾಕಿಕೊಂಡೆವು. ಆಗ ಮೇಡಂ ಬೋರ್ಡಿನ ಮೇಲೆ 1.30 ಮತ್ತು 1.20 ಬರೆದು ಕೂಡಿಸಲು ಹೇಳಿದರು. ಅರ್ಧ ಕ್ಲಾಸು 2.50 ಅಂದಿತು. ಕಿಟಕಿ ಪಕ್ಕದಲ್ಲಿದ್ದ ರೈತರ ಮನೆ ಹುಡುಗನೊಬ್ಬ ಎದ್ದು, "ಮೂರು ಎಕರೆ ಹತ್ತು ಗುಂಟೆ, ಮೇಡಂ" ಅಂದ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಚುಕ್ಕಿ ನೋಡಿ ದಶಮಾಂಶ ಅಂದುಕೊಂಡರೆ ಯಾರದೋ ಜಮೀನು ಕರಗಿಹೋಗುತ್ತದೆ.

ಹೆಸರಿನದೂ ಸುಲಭದ ಕಥೆಯಲ್ಲ. ಒಂದೇ ಊರಿನಲ್ಲಿ ನಾಲ್ಕು ಜನ ಸಿದ್ದಪ್ಪ ಇದ್ದರೆ ಗುರುತು ಸಿಗಲಿ ಅಂತಲೇ ಪಹಣಿಯಲ್ಲಿ 'ಬಿನ್' ಅಂತ ತಂದೆಯ ಹೆಸರು, 'ಕೋಂ' ಅಂತ ಗಂಡನ ಹೆಸರು ಬರೆಯುತ್ತಾರೆ. ಜಂಟಿ ಖಾತೆಯಾದರೆ ಒಂದೇ ಸರ್ವೆ ನಂಬರಿಗೆ ಹತ್ತಾರು ಮಾಲೀಕರು. ಅಷ್ಟರಲ್ಲಿ ಯಾರೋ ಕೇಳಿದರು: ಕಾಲಂ 9ರಲ್ಲಿ ಮಾಲೀಕರ ಹೆಸರು ಇದೆಯಲ್ಲ, ಸಾಗುವಳಿದಾರರಿಗೆ ಕಾಲಂ 12 ಬೇರೆ ಯಾಕೆ? ಇಬ್ಬರೂ ಒಬ್ಬರೇ ಅಲ್ವಾ?

ಆ ಪ್ರಶ್ನೆಗೆ ಮೇಡಂ ಉಳಿದ ಇಡೀ ಪಿರಿಯಡ್ ಕೊಟ್ಟರು. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ, ಉಳುತ್ತಿದ್ದ ಗೇಣಿದಾರರಿಗೇ ಜಮೀನಿನ ಹಕ್ಕು ಕೊಡುವ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಭೂ ನ್ಯಾಯ ಮಂಡಳಿಗೆ ಅರ್ಜಿ ಹಾಕಿದರು. ಈ ಹೊಲವನ್ನು ಉಳುತ್ತಿದ್ದವನು ನಾನೇ ಅಂತ ತೋರಿಸಬೇಕಿತ್ತು. ಆಗ ಪಹಣಿಯ ಸಾಗುವಳಿ ಕಾಲಂ ದೊಡ್ಡ ಸಾಕ್ಷಿಯಾಯಿತು. ಹೆಸರು ಇದ್ದವನ ಕೈ ಗಟ್ಟಿಯಾಯಿತು. ವರ್ಷಗಟ್ಟಲೆ ಉತ್ತೂ ಹೆಸರು ಬರೆಸಿಕೊಳ್ಳದವನು ಒದ್ದಾಡಬೇಕಾಯಿತು. ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ, ಒಂದು ಕಾಗದದ ಒಂದು ಕಾಲಂ ಮನೆಮನೆಯ ಹಣೆಬರಹ ಬರೆದಿತ್ತು. ಸಮಾಜಕ್ಕೂ ಮಾಹಿತಿ ವ್ಯವಸ್ಥೆಗೂ ಏನು ಸಂಬಂಧ ಅಂತ ನನಗೆ ತಿಳಿದದ್ದು ಆ ದಿನ. ಪಠ್ಯಪುಸ್ತಕದ ಚಿತ್ರಗಳಿಂದ ಅದು ತಿಳಿಯುತ್ತಿರಲಿಲ್ಲ.

ಪಹಣಿಗಳನ್ನು ಕಂಪ್ಯೂಟರಿಗೆ ತಂದ ಸರ್ಕಾರದ 'ಭೂಮಿ' ಯೋಜನೆಯ ಪಾಠ ಶುರುವಾದದ್ದು ಆಮೇಲೆ. ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಅವು ಸುಮಾರು 67 ಲಕ್ಷ ರೈತರ ದಾಖಲೆ. ಅದಕ್ಕೂ ಮುಂಚೆ ಅವನ್ನು ಕೈಯಲ್ಲಿ ಬರೆದು ಇಟ್ಟುಕೊಳ್ಳುತ್ತಿದ್ದವರು ಸುಮಾರು 9,000 ಗ್ರಾಮ ಲೆಕ್ಕಿಗರು. ಸಾಫ್ಟ್‌ವೇರ್ ಮಾಡಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್.ಐ.ಸಿ., ಮುಂದೆ ನಿಂತು ನಡೆಸಿದ್ದು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. ಪಹಣಿಗೆ ಆಗ 15 ರೂಪಾಯಿ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರ ಗಟ್ಟಿಯಾಗಿ ಹೇಳಿದ್ದರಿಂದಲೇ ಈ ಯೋಜನೆ ನಿಂತಿತು ಅನ್ನುವುದು ಮೇಡಂ ಅಭಿಪ್ರಾಯ. ನನ್ನದೂ ಅದೇ. ಹಳೆಯ ದಾರಿಯೂ ತೆರೆದೇ ಇದ್ದಿದ್ದರೆ ಹೊಸ ದಾರಿಯಲ್ಲಿ ಯಾರೂ ನಡೆಯುತ್ತಿರಲಿಲ್ಲ.

ಆರನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾವು ಮೂವರು ಒಂದು ತಾಲ್ಲೂಕು ಕಚೇರಿಯ ಪಹಣಿ ಕೌಂಟರಿಗೆ ಹೋದೆವು. "ಮೊದಲ ವಾರ ಒಂದು ಸಾಲು ಕೋಡೂ ಬರೆಯಬೇಡಿ, ಸುಮ್ನೆ ಕೂತು ನೋಡಿ" ಅಂದಿದ್ದರು ಮೇಡಂ. ನೋಡಿದೆವು. ಆಪರೇಟರ್ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು. ಕೌಂಟರಿನ ಮೇಲೆ ಎರಡು ಪರದೆ. ಒಂದು ಆಪರೇಟರ್ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತರ ಕಡೆಗೆ. ಒಳಗೆ ಏನು ನಡೆಯುತ್ತಿದೆ ಅಂತ ಅವರಿಗೂ ಕಾಣಲಿ ಅಂತ. ಓದು ಬಾರದವರೂ ಆ ಪರದೆಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಪಕ್ಕದವರನ್ನು ಕರೆದು, "ನಮ್ಮದೇನಾ ನೋಡಪ್ಪಾ" ಅಂತ ಕೇಳುತ್ತಿದ್ದರು.

ಒಬ್ಬ ತಾಯಿ ಬಂದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಪಹಣಿ ಕೇಳಿದ್ದರಂತೆ. ಪ್ರಿಂಟ್ ಬರಲು ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಆದರೆ ಕಾಲಂ 9ರಲ್ಲಿ ಇದ್ದದ್ದು ಗಂಡನ ಹೆಸರೂ ಅಲ್ಲ, ಮಾವನದು. ಎರಡು ತಲೆಮಾರಿನಿಂದ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರಲಿಲ್ಲ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಮೈದುನಂದಿರ ಒಪ್ಪಿಗೆ ಬೇಕು. "ಕಂಪ್ಯೂಟರಿನಲ್ಲಿ ಬದಲಾಯಿಸೋಕೆ ಆಗಲ್ವಾ ಮಗಾ?" ಅಂತ ನನ್ನನ್ನೇ ಕೇಳಿದರು. ತೊಂದರೆ ಇದ್ದದ್ದು ಕಂಪ್ಯೂಟರಿನಲ್ಲಲ್ಲ, ಮನೆಯೊಳಗೆ. ನಮ್ಮ ಪ್ರಾಜೆಕ್ಟು ದಾರಿ ಬದಲಿಸಿದ್ದು ಅಲ್ಲೇ. ಪಹಣಿ ಬೇಗ ಕೊಡಿಸುವ ಪ್ರೋಗ್ರಾಂ ಬಿಟ್ಟು, ಪೌತಿ ಖಾತೆಗೆ ಯಾವ ಕಾಗದ, ಯಾವ ಕಚೇರಿ, ಯಾವ ಕ್ರಮ ಅಂತ ಕನ್ನಡದಲ್ಲಿ ಹೇಳಿ, ಅರ್ಜಿ ಎಲ್ಲಿಗೆ ಬಂತು ಅಂತ ತೋರಿಸುವ ಸಣ್ಣ ವ್ಯವಸ್ಥೆ ಮಾಡಿದೆವು.

ಮೇಡಂ ಹೊಗಳಿಕೆಯನ್ನಷ್ಟೇ ಪಾಠ ಮಾಡಲಿಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ಹೀಕ್ಸ್ 2003ರಲ್ಲಿ ಹಾಕಿದ ಅಂದಾಜನ್ನು ಮುಂದಿಟ್ಟರು. ಬಡ ದೇಶಗಳ ಇ-ಆಡಳಿತ ಯೋಜನೆಗಳಲ್ಲಿ ನೂರಕ್ಕೆ 35 ಪೂರ್ತಿ ಸೋತವು, 50 ಅರ್ಧಂಬರ್ಧ ಸೋತವು, ಗೆದ್ದವು 15 ಮಾತ್ರ. ಯೋಜನೆ ಬರೆದವರ ತಲೆಯಲ್ಲಿದ್ದ ಕಚೇರಿಗೂ ನಿಜವಾದ ಕಚೇರಿಗೂ ಅಂತರ ಹೆಚ್ಚಿದಷ್ಟೂ ಸೋಲು ಹತ್ತಿರ ಅನ್ನುವುದು ಹೀಕ್ಸ್ ಅವರ ವಾದ. 'ಭೂಮಿ'ಯಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಜಮೀನು ಕೊಳ್ಳುವುದು ಸಲೀಸಾಯಿತು ಅಂತ 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದಿದ್ದನ್ನೂ ಓದಿಸಿದರು. ಆ ದಿನ ಕ್ಲಾಸಿನಲ್ಲಿ ಜೋರು ಜಗಳ ನಡೆಯಿತು. ಮಾಹಿತಿ ಎಲ್ಲರಿಗೂ ತೆರೆದಾಗ ಅದನ್ನು ಬಳಸಿಕೊಳ್ಳುವ ಶಕ್ತಿ ಯಾರಿಗೆ ಜಾಸ್ತಿ ಇದೆ? ಈಗಲೂ ಹೊಸ ಕೆಲಸ ಕೈಗೆತ್ತಿಕೊಂಡಾಗ ನಾನು ಮೊದಲು ಕೇಳುವುದು ಇದನ್ನೇ.

ಆಮೇಲೆ ಬಹಳಷ್ಟು ಬದಲಾಗಿದೆ. 2012ರಲ್ಲಿ 'ಸಕಾಲ' ಬಂತು, ಸೇವೆಗೆ ಗಡುವು ಬಂತು. ಪಹಣಿ ಈಗ ಮೊಬೈಲಿನಲ್ಲೇ ನೋಡಬಹುದು. ಆದರೂ ಸತ್ತವರ ಹೆಸರಿನಲ್ಲಿ ಉಳಿದ ಪಹಣಿಗಳು ಇನ್ನೂ ಲೆಕ್ಕವಿಲ್ಲದಷ್ಟು ಇವೆ.

ಎಂ.ಸಿ.ಎ. ಈಗ ಎರಡು ವರ್ಷಕ್ಕೆ ಇಳಿದಿದೆ. ಮೊದಲು ಕತ್ತರಿ ಬೀಳುವುದು ಹೊರಗೆ ಹೋಗಿ ಕೂತು ನೋಡುವ ಆ ವಾರಕ್ಕೇ ಅನ್ನುವ ಭಯ ನನ್ನದು. ನಾವು ಓದಿದ ಎಂ.ಸಿ.ಎ. ವಿಭಾಗದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಅದನ್ನು ಉಳಿಸಿಕೊಳ್ಳಿ. ನಾಡಕಚೇರಿ, ಆಸ್ಪತ್ರೆಯ ಚೀಟಿ ಕೌಂಟರ್, ನ್ಯಾಯಬೆಲೆ ಅಂಗಡಿ, ಎಲ್ಲಾದರೂ ಸರಿ. ಈ ವರ್ಷದ ತಂಡಗಳ ಜೊತೆ ಬಂದು ಕೂರಲು ನಾನು ರಜೆ ಹಾಕುತ್ತೇನೆ. ದಿನಾಂಕ ತಿಳಿಸಿದರೆ ಸಾಕು.