ಪಂಪ್ ನಿಲ್ಲಿಸಿದ ಇಪ್ಪತ್ತು ನಿಮಿಷ

ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕಿದ ಹವಳಕ್ಕೆ ಉಣಿಸುವ ಕೆಲಸ ಹಿಂದಿನ ದಿನ ಸಂಜೆಯೇ ಶುರುವಾಗುತ್ತದೆ. ಬಾಗಲಕೋಟೆಯ ಮೇ ತಿಂಗಳಲ್ಲಿ ಅದು ಶುರುವಾಗುವುದು ಮಣ್ಣಿನ ಗಡಿಗೆಯಿಂದ. ಹವಳದ ಊಟವಾದ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮೊಟ್ಟೆ ಚೆನ್ನಾಗಿ ಒಡೆಯಲು ನೀರು 26ರಿಂದ 28 ಡಿಗ್ರಿ ಇರಬೇಕು. ನವನಗರದ ಮಹಡಿ ಕೋಣೆಯಲ್ಲಿ ರಾತ್ರಿ ಹತ್ತಕ್ಕೂ 33 ತೋರಿಸುತ್ತದೆ. ಆ ಕಾವಿನಲ್ಲಿ ಒಡೆಯುವ ಮೊಟ್ಟೆ ಕಡಿಮೆಯಾಗುತ್ತವೆ, ಒಡೆದು ಬಂದ ಮರಿಯೂ ಮೈಯಲ್ಲಿ ಉಳಿದ ಮೊಟ್ಟೆಯ ಹಳದಿಯನ್ನು ಬೇಗ ಕರಗಿಸಿಕೊಂಡು ಸಪ್ಪೆಯಾಗುತ್ತದೆ. ಅದಕ್ಕೇ ತಳ ಕತ್ತರಿಸಿ ತಲೆಕೆಳಗು ಮಾಡಿದ ಸೋಡಾ ಬಾಟಲಿಯನ್ನು ನೀರು ತುಂಬಿದ ಗಡಿಗೆಯೊಳಗೆ ಮೇಲಂಚಿನ ತನಕ ಇಳಿಸಿ, ಗಡಿಗೆಗೆ ಹಸಿಬಟ್ಟೆ ಸುತ್ತಿ ಕಿಟಕಿಯ ಗಾಳಿಗೆ ಇಟ್ಟದ್ದು. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, ಒಂದು ಗ್ರಾಂ ಮೊಟ್ಟೆ. ಗಾಳಿಯ ನಳಿಕೆ ಬಾಟಲಿಯ ತುದಿಯನ್ನೇ ಮುಟ್ಟಬೇಕು, ಇಲ್ಲದಿದ್ದರೆ ಮೊಟ್ಟೆ ಕೆಳಗೆ ಕೂತು ಕೊಳೆಯುತ್ತವೆ. ಮೇಲೊಂದು ಸಣ್ಣ ದೀಪ.

ಇಪ್ಪತ್ನಾಲ್ಕು ತಾಸಿನ ಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಬಾಟಲಿ ತಾನೇ ಮೂರು ಪಾಲಾಗುತ್ತದೆ. ಕಂದು ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಇಳಿಯುತ್ತದೆ, ನಡುವೆ ಬೆಳಕಿನ ಕಡೆ ಕಿತ್ತಳೆ ಬಣ್ಣದ ಮೋಡದಂತೆ ಮರಿಗಳು ಗುಂಪುಗೂಡುತ್ತವೆ. ಆ ಮೋಡವನ್ನಷ್ಟೇ ತೆಳು ನಳಿಕೆಯಿಂದ ಎಳೆದು, ಮಲ್ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ಒಮ್ಮೆ ತೊಳೆದರೆ ಸಿದ್ಧ. ಆರೇಳು ತಾಸಿನೊಳಗೆ ಉಣಿಸಿಬಿಡಬೇಕು. ಆಮೇಲೆ ಮರಿಯ ಹೊಟ್ಟೆಯಲ್ಲಿ ಹವಳಕ್ಕೆ ಬೇಕಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಟ್ಯಾಂಕ್ ಮೂರು ಅಡಿಯದು. ಕಲ್ಲು, ಮರಳು ಕಳೆದು ಸಂಪ್, ಅಂದರೆ ಟ್ಯಾಂಕಿನ ಕೆಳಗಿನ ಇನ್ನೊಂದು ತೊಟ್ಟಿ, ಸೇರಿಸಿದರೆ ಸುಮಾರು 180 ಲೀಟರ್ ನೀರು. ಅದರಲ್ಲಿರುವುದೆಲ್ಲ ಮೆತ್ತನೆಯ ಜಾತಿಯ ಹವಳ: ಜೊಯಾಂಥಸ್, ಪ್ಯಾಲಿಥೋವಾ, ಎರಡು ಬಗೆಯ ಮಶ್ರೂಮ್, ಒಂದು ಲೆದರ್, ಮೂಲೆಯಲ್ಲಿ ಜೀನಿಯಾ. ಕಲ್ಲುಹವಳ ಯಾಕಿಲ್ಲ ಎಂದು ಹೊಸದಾಗಿ ಟ್ಯಾಂಕ್ ಹಾಕುವವರು ಕೇಳುತ್ತಾರೆ. 2001ರಿಂದ ಎಲ್ಲ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಯಾರಾದರೂ ನಮ್ಮ ಕಡಲಿನದೆಂದು ಕಲ್ಲುಹವಳ ಮಾರಲು ಬಂದರೆ ಮುಟ್ಟಬಾರದು. ಅದನ್ನು ನೋಡುವ ಆಸೆ ಇದ್ದವರು ಮುರ್ಡೇಶ್ವರದಿಂದ ದೋಣಿ ಹಿಡಿದು ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಬಹುದು.

ಉಣಿಸುವುದು ಬೇಕೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಹವಳದ ಮೈಯೊಳಗೆ ಜೊಜಾಂಥೆಲ್ಲಾ ಎಂಬ ಪಾಚಿಕೋಶಗಳಿವೆ. ಬೆಳಕಿನಿಂದ ಸಕ್ಕರೆ ಮಾಡಿ ಹವಳದ ದಿನದ ಖರ್ಚಿನ ಬಹುಪಾಲನ್ನು ಅವೇ ತೂಗಿಸುತ್ತವೆ. ಆದರೆ ಸಕ್ಕರೆಯಿಂದ ಮೈ ಬೆಳೆಯುವುದಿಲ್ಲ. ಹೊಸ ಪಾಲಿಪ್, ಅಂದರೆ ಬಾಯಿ, ಮೀಸೆ ಇರುವ ಹವಳದ ಒಂದೊಂದು ಘಟಕ, ಹುಟ್ಟಲು ಸಾರಜನಕ, ರಂಜಕ, ಕೊಬ್ಬು ಬೇಕು. ಅದನ್ನು ಹವಳ ಬೇಟೆಯಾಡಿ ತರುತ್ತದೆ, ಕಡಲಲ್ಲಿ ಕತ್ತಲಾದ ಮೇಲೆ ಪ್ಲಾಂಕ್ಟನ್ ಎಂಬ ತೇಲುವ ಸಣ್ಣ ಜೀವಿಗಳು ಮೇಲೇರುವ ಹೊತ್ತಿಗೆ ಮೀಸೆ ಚಾಚಿ. ಮನೆಯ ಟ್ಯಾಂಕಿನಲ್ಲಿ ಆ ಪ್ಲಾಂಕ್ಟನ್ ನಾವೇ ಆಗಬೇಕು, ವಾರಕ್ಕೆ ಎರಡು ಸಲ. ಅದಕ್ಕಿಂತ ಹೆಚ್ಚು ಈ ಅಳತೆಯ ಟ್ಯಾಂಕಿಗೆ ಬೇಡ.

ಮೇ ಎರಡನೇ ವಾರದ ಆ ಸಂಜೆ ಏಳು ಗಂಟೆಗೆ ಬಿಳಿ ದೀಪ ಆರಿ ನೀಲಿ ಮಾತ್ರ ಉಳಿದಿತ್ತು. ಕೋಣೆ 33 ಡಿಗ್ರಿ, ನೀರು 28. ಸಂಪ್ ಮೇಲೆ ಅಡ್ಡಡ್ಡ ಕೂರಿಸಿದ ಎರಡು 12 ವೋಲ್ಟ್ ಫ್ಯಾನ್‌ಗಳಿಗೇ ಇಷ್ಟು ಇಳಿಯುತ್ತದೆ. ನಮ್ಮ ಒಣ ಹವೆಯ ಉಪಕಾರ ಇದು. ಇದೇ ಫ್ಯಾನ್ ಮಂಗಳೂರಿನ ತೇವದಲ್ಲಿ ಒಂದೆರಡು ಡಿಗ್ರಿ ಇಳಿಸಲೂ ಹೆಣಗುತ್ತದೆ, ಅಲ್ಲಿ ನೀರು ತಣಿಸುವ ಯಂತ್ರ, ಚಿಲ್ಲರ್, ಬೇಕು. ಇಲ್ಲಿನ ಬೆಲೆ ಬೇರೆ: ದಿನಕ್ಕೆ ನಾಲ್ಕೈದು ಲೀಟರ್ ನೀರು ಆವಿಯಾಗುತ್ತದೆ, ಉಪ್ಪು ಹಾಗೇ ಉಳಿಯುತ್ತದೆ. ಒಂದು ದಿನ ತುಂಬದಿದ್ದರೆ ಸಾವಿರಕ್ಕೆ 35 ಪಾಲಿದ್ದ ಉಪ್ಪು 36ಕ್ಕೆ ಹೋಗುತ್ತದೆ, ಹವಳ ಮುದುಡುತ್ತದೆ, ಮುದುಡಿದ ಹವಳ ಉಣ್ಣುವುದಿಲ್ಲ. ತುಂಬುವುದು ಆರ್‌ಓ, ಡಿಐ ಎಂಬ ಎರಡೂ ಶುದ್ಧೀಕರಣ ದಾಟಿ, ಕರಗಿದ ಲವಣದ ಅಳತೆಯಾದ ಟಿಡಿಎಸ್ ಸೊನ್ನೆ ತೋರಿಸುವ ನೀರು. ಬೋರ್‌ವೆಲ್ ನೀರನ್ನು ನೇರ ಸುರಿದರೆ ಅದರಲ್ಲಿನ ನೈಟ್ರೇಟ್, ಸಿಲಿಕೇಟ್ ದಿನದಿನವೂ ಟ್ಯಾಂಕಿನೊಳಗೆ ಕೂಡುತ್ತಾ ಹೋಗುತ್ತವೆ.

ಫ್ರೀಜರ್‌ನಿಂದ ಮೈಸಿಸ್ ಸೀಗಡಿಯ ಅರ್ಧ ಕ್ಯೂಬ್ ತೆಗೆದದ್ದು ಏಳೂಕಾಲಿಗೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಥರ್ಮಾಕೋಲ್ ಡಬ್ಬಿಯೊಳಗೆ ಬರುವ ಮಾಲು ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿದೆಯೋ ಎಂದು ಪ್ರತಿ ಸಲ ನೋಡಬೇಕು. ಕ್ಯೂಬಿನ ಮೂಲೆ ಮೊಂಡಾಗಿದ್ದರೆ, ಸೀಗಡಿಯ ತಲೆ ಬಾಲ ಬೇರೆಯಾಗಿ ಕಂದು ರಸ ಹರಡಿದ್ದರೆ ಅದು ಕಸದ ಬುಟ್ಟಿಗೆ. ಒಳ್ಳೆಯ ಕ್ಯೂಬಿನಲ್ಲಿ ಒಂದೊಂದು ಮೈಸಿಸ್‌ನ ಕಪ್ಪು ಕಣ್ಣು ಎಣಿಸುವಷ್ಟು ಸ್ಪಷ್ಟ ಇರುತ್ತದೆ. ಪೇಟೆಯ ಫ್ರೋಜನ್ ಸೀಗಡಿಯನ್ನು ಕೊಚ್ಚಿ ಹಾಕುವವರಿದ್ದಾರೆ. ನೀರು ಹಿಡಿದಿಡಲೆಂದು ಅದಕ್ಕೆ ಪಾಲಿಫಾಸ್ಫೇಟ್ ಸೇರಿಸಿರುವುದುಂಟು, ಪೊಟ್ಟಣ ಓದಿಯೇ ಕೊಳ್ಳಬೇಕು.

ಲೋಟದಲ್ಲಿ ಟ್ಯಾಂಕಿನ ನೀರು ಹಾಕಿ ಕ್ಯೂಬ್ ಹದಿನೈದು ನಿಮಿಷ ಬಿಟ್ಟು, ಚಹಾ ಸೋಸುವ ಜರಡಿಯಲ್ಲಿ ಸೋಸಿದ್ದಾಯಿತು. ಆ ರಸ ಚೆಲ್ಲಿದರೆ ಫಾಸ್ಫೇಟ್ ಸಮಸ್ಯೆಯೇ ಇರುವುದಿಲ್ಲ ಎಂಬ ನಂಬಿಕೆ ಹಳೆಯದು. ಫಾಸ್ಫೇಟಿನ ಬಹುಪಾಲು ಮಾಂಸದಲ್ಲೇ ಇರುತ್ತದೆ, ತೊಳೆದರೆ ಹೋಗುವುದು ಅಲ್ಪ. ಸೋಸುವುದು ಯಾರ ಬಾಯಿಗೂ ಸಿಗದ ಪುಡಿಯನ್ನು ತೆಗೆಯಲು. ರಸವನ್ನು ಪೂರ್ತಿ ಚೆಲ್ಲಲೂಬಾರದು. ಒಂದು ಚಮಚೆ ಎತ್ತಿಟ್ಟುಕೊಂಡರೆ ಅದೇ ಊಟದ ಕರೆ.

ಮೀನಿಗೆ ಮೊದಲು. ಹಸಿದ ಎರಡು ಕ್ಲೌನ್ ಮೀನುಗಳಿರುವ ಟ್ಯಾಂಕಿನಲ್ಲಿ ಹವಳಕ್ಕೆ ಏನೂ ದಕ್ಕುವುದಿಲ್ಲ. ಅವುಗಳ ಹೊಟ್ಟೆ ತುಂಬಿದ ಐದು ನಿಮಿಷದ ಮೇಲೆ, ನೊರೆಯಲ್ಲಿ ಕೊಳೆ ಎತ್ತುವ ಸ್ಕಿಮ್ಮರ್ ನಿಲ್ಲಿಸಿ, ಆಮೇಲೆ ಸಂಪಿನಿಂದ ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪ್. ಈ ಕ್ರಮ ತಪ್ಪಬಾರದು. ರಿಟರ್ನ್ ನಿಂತೊಡನೆ ಮೇಲಿನ ನೀರು ಸಂಪಿಗೆ ಇಳಿದು ಅಲ್ಲಿನ ಮಟ್ಟ ಏರುತ್ತದೆ, ಓಡುತ್ತಿರುವ ಸ್ಕಿಮ್ಮರಿನ ಬಟ್ಟಲು ಉಕ್ಕಿ ವಾರದ ಕೊಳೆಯೆಲ್ಲ ವಾಪಸ್ ನೀರಿಗೆ ಬೀಳುತ್ತದೆ. ಟ್ಯಾಂಕಿನೊಳಗೆ ನೀರು ಆಡಿಸುವ ಹರಿವಿನ ಪಂಪನ್ನು ಆಗಲೇ ಪೂರ್ತಿ ನಿಲ್ಲಿಸಲಿಲ್ಲ, ಅತಿ ಕಡಿಮೆಗೆ ಇಳಿಸಿದ್ದಷ್ಟೇ. ಚಮಚೆ ರಸವನ್ನು ಅದರ ಮುಂದೆ ಬಿಟ್ಟದ್ದು 7.45ಕ್ಕೆ.

ಮುಂದಿನ ಏಳೆಂಟು ನಿಮಿಷ ಕೈಕಟ್ಟಿ ನೋಡುವುದೇ ಕೆಲಸ, ಈ ಹವ್ಯಾಸದ ಅತ್ಯಂತ ಸುಖದ ಹೊತ್ತು. ನೀರಿನಲ್ಲಿ ಅಮೈನೊ ಆಮ್ಲದ ವಾಸನೆ ಸಿಕ್ಕ ಕೂಡಲೇ ಪ್ಯಾಲಿಥೋವಾದ ಅಂಚಿನ ಮೀಸೆಗಳು ಉದ್ದವಾಗುತ್ತವೆ, ಮುಚ್ಚಿದ ಬಾಯಿ ಸಣ್ಣ ಗೀರಿನಂತೆ ತೆರೆಯುತ್ತದೆ. ರೋಡ್ಯಾಕ್ಟಿಸ್ ಮಶ್ರೂಮ್ ತಟ್ಟೆಯಂತೆ ಚಪ್ಪಟೆಯಾಗಿದ್ದದ್ದು ನಡುವೆ ತಗ್ಗಾಗುತ್ತದೆ. ಈ ಬದಲಾವಣೆ ಕಾಣದ ಹವಳಕ್ಕೆ ಆ ದಿನ ತುತ್ತು ಇಡಬಾರದು. ಅವಸರಪಟ್ಟು ಮುಚ್ಚಿದ ಪಾಲಿಪ್ ಮೇಲೆ ಸುರಿದ ಊಟ ಕಲ್ಲಿನ ಸಂದಿಗೆ ಜಾರಿ ಅಲ್ಲೇ ಕೊಳೆಯುತ್ತದೆ.

ಮೊದಲ ಸರದಿ ಆರ್ಟೀಮಿಯಾ ಮರಿಗಳದು. ಅವು ಅರ್ಧ ಮಿಲಿಮೀಟರಿನಷ್ಟು, ಜೊಯಾಂಥಸ್ ಬಾಯಿಗೆ ಸರಿಯಾದ ಅಳತೆ. ಸಣ್ಣ ಊಟಕ್ಕೆ ಮೆಲ್ಲನೆಯ ಹರಿವು ಇದ್ದರೆ ಒಳ್ಳೆಯದು, ಒಂದೊಂದು ಮೀಸೆಯ ಹತ್ತಿರಕ್ಕೂ ತಂದು ಮುಟ್ಟಿಸುತ್ತದೆ. ಆಮೇಲೆ ಹರಿವಿನ ಪಂಪೂ ಬಂದ್, ಗಡಿಯಾರ 8.04. ಇನ್ನು ಮೈಸಿಸ್. 60 ಮಿಲಿಲೀಟರ್ ಸಿರಿಂಜಿಗೆ ಒಂದಡಿಯ ಗಟ್ಟಿ ನಳಿಕೆ ಸಿಕ್ಕಿಸಿ, ತುದಿಯನ್ನು ಪಾಲಿಪಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿದು, ತುತ್ತು ತಾನಾಗಿ ಇಳಿಯುವಷ್ಟು ಮೆಲ್ಲಗೆ ಒತ್ತಬೇಕು. ಪಿಚಕಾರಿಯಂತೆ ಹೊಡೆದರೆ ಹವಳ ಅದನ್ನು ಪೆಟ್ಟೆಂದೇ ತಿಳಿದು ಮುಚ್ಚಿಕೊಳ್ಳುತ್ತದೆ. ಪ್ಯಾಲಿಥೋವಾದ ಒಂದು ಪಾಲಿಪಿಗೆ ಒಂದು ಮೈಸಿಸ್, ಅಂಗೈಯಗಲದ ರೋಡ್ಯಾಕ್ಟಿಸ್‌ಗೆ ಮೂರು.

ರೋಡ್ಯಾಕ್ಟಿಸ್ ಉಣ್ಣುವುದನ್ನು ಗಾಜಿಗೆ ಮುಖ ಹತ್ತಿಸಿ ನೋಡಬೇಕು. ತುತ್ತು ಬಿದ್ದ ಜಾಗದ ಗುಬುಟುಗಳು ಮೊದಲು ಅದಕ್ಕೆ ಅಂಟಿಕೊಳ್ಳುತ್ತವೆ. ಎರಡು ನಿಮಿಷದಲ್ಲಿ ಅಂಚು ಮೇಲೇಳುತ್ತದೆ. ಎಲೆಅಡಿಕೆ ಸಂಚಿಯ ದಾರ ಎಳೆದಂತೆ ಸುತ್ತಲಿನ ಅಂಚೆಲ್ಲ ನಡುವಿಗೆ ಸೇರಿ ನೆರಿಗೆ ಬೀಳುತ್ತದೆ, ಹತ್ತು ನಿಮಿಷಕ್ಕೆ ತಟ್ಟೆ ಹೋಗಿ ಗಂಟು ಉಳಿಯುತ್ತದೆ. ಒಳಗೆ ಏನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ, ನೆರಿಗೆಯ ಸಂದಿಯಲ್ಲಿ ಮೈಸಿಸ್‌ನ ಕಪ್ಪು ಕಣ್ಣೊಂದು ಒಂದಷ್ಟು ಹೊತ್ತು ಇಣುಕುತ್ತದೆ.

ಡಿಸ್ಕೋಸೋಮಾ ಮಶ್ರೂಮ್ ಹೀಗೆ ಮುಚ್ಚಿಕೊಳ್ಳುವುದಿಲ್ಲ, ಅದಕ್ಕೆ ಲೋಳೆಗೆ ಅಂಟುವ ಪುಡಿ ಆಹಾರವೇ ಸರಿ, ಈ ಟ್ಯಾಂಕಿಗೆಲ್ಲ ಸೇರಿ ಟೀ ಚಮಚೆಯ ಎಂಟನೇ ಒಂದು ಪಾಲು. ಜೀನಿಯಾಕ್ಕೆ ಏನನ್ನೂ ಬಾಯಿಗಿಡುವ ಪ್ರಶ್ನೆಯಿಲ್ಲ. ಲೆದರ್ ಕೆಲವು ವಾರಕ್ಕೊಮ್ಮೆ ಮೈಮೇಲೆ ಮೇಣದಂಥ ಪೊರೆ ಬರಿಸಿಕೊಂಡು ದಿನಗಟ್ಟಲೆ ಮೀಸೆ ಒಳಗೆಳೆದುಕೊಳ್ಳುತ್ತದೆ. ಹಸಿದಿದೆ ಎಂದು ಅದರ ಮೇಲೆ ಊಟ ಸುರಿಯುವುದು ದೊಡ್ಡ ತಪ್ಪು. ಅದಕ್ಕೆ ಬೇಕಾದದ್ದು ಪೊರೆ ಕಳಚಲು ಜೋರು ಹರಿವು.

ಕ್ಲೀನರ್ ಸೀಗಡಿ ಕಳ್ಳತನಕ್ಕೆ ಬಂದೇ ಬರುತ್ತದೆ. ಪಾಲಿಪ್ ಬಾಯೊಳಗೆ ಕಾಲು ಹಾಕಿ ತುತ್ತನ್ನು ಎಳೆದು ಗಾಯ ಮಾಡುತ್ತದೆ. ಅರ್ಧ ಲೀಟರ್ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ಹವಳದ ಮೇಲೆ ಗೋಪುರದಂತೆ ಬೋರಲು ಇಟ್ಟರೆ, ಬಾಟಲಿಯ ಬಾಯಿಂದಲೇ ಉಣಿಸಬಹುದು. ಕೈಗೆ ಗ್ಲವ್ಸ್ ಕಡ್ಡಾಯ. ಪ್ಯಾಲಿಥೋವಾ ಜಾತಿಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಅದು ಬೆಳೆದ ಕಲ್ಲನ್ನು ಉಜ್ಜುವುದು, ಬಿಸಿನೀರು ಸುರಿಯುವುದು, ಕುದಿಸುವುದು ಎಂದೂ ಮಾಡಬಾರದು. ಆವಿಯಲ್ಲಿ ಬಂದ ವಿಷ ಉಸಿರಿಗೆ ಸೇರಿ ಇಡೀ ಮನೆಮಂದಿ ಆಸ್ಪತ್ರೆ ಸೇರಿದ್ದುಂಟು.

ಗಾಳಿ ಎದ್ದದ್ದು ಎಂಟು ಹತ್ತಕ್ಕೆ. ಮುಂಗಾರಿನ ಮುಂಚಿನ ಗುಡುಗು ಮಳೆ, ಕರೆಂಟ್ ಹೋಯಿತು. ಪಂಪ್ ನಿಲ್ಲಿಸಿ ಆರು ನಿಮಿಷ ಆಗಿತ್ತು, ಮೈಸಿಸ್ ಅರ್ಧ ಮಾತ್ರ ಬಾಯಿ ಸೇರಿತ್ತು. ಇಲ್ಲಿಯೇ ಎಷ್ಟೋ ಟ್ಯಾಂಕುಗಳು ಹಾಳಾಗುವುದು. ಇನ್ವರ್ಟರ್ ಇದೆ ಎಂಬ ಧೈರ್ಯಕ್ಕೆ ಎಲ್ಲರೂ ಕಿಟಕಿ ಮುಚ್ಚಲು, ಒಣಹಾಕಿದ ಬಟ್ಟೆ ತರಲು ಓಡುತ್ತಾರೆ. ಆದರೆ ಪಂಪಿನ ಸ್ವಿಚ್ಚನ್ನು ಊಟಕ್ಕೆಂದು ಕೈಯಾರೆ ಆರಿಸಿದ್ದು, ಇನ್ವರ್ಟರ್ ಅದನ್ನು ತಾನಾಗಿ ಹಚ್ಚುವುದಿಲ್ಲ. 28 ಡಿಗ್ರಿಯ ಉಪ್ಪುನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಆರೂಕಾಲು ಮಿಲಿಗ್ರಾಂ ಆಸುಪಾಸು. ಬೆಳಕಿಲ್ಲದಾಗ ಹವಳ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಅದನ್ನೇ ಉಸಿರಾಡುತ್ತವೆ, ನೀರಲ್ಲಿ ಬಿದ್ದ ಹಸಿ ಮಾಂಸ ಕೊಳೆಯುತ್ತಾ ಇನ್ನಷ್ಟು ಕುಡಿಯುತ್ತದೆ.

ಹೀಗಾದಾಗ ಮೊದಲು ಯೋಚಿಸಬೇಕಾದ್ದು ಉಸಿರು, ಆಮೇಲೆ ಕಾವು. 180 ಲೀಟರ್ ನೀರು ಒಂದು ತಾಸಿನಲ್ಲಿ ಹೆಚ್ಚೇನೂ ಕಾಯುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಹಚ್ಚಿ ಅದರ ಗುಳ್ಳೆ ಬಿಡುವ ಕಲ್ಲನ್ನು ಹವಳದಿಂದ ದೂರದ ಮೂಲೆಗೆ ಬಿಟ್ಟದ್ದಾಯಿತು, ಹಿಡಿದ ತುತ್ತನ್ನು ಹವಳ ಬಿಡದಿರಲೆಂದು. ಉಳಿದ ಮೈಸಿಸ್ ಕೊಡಲಿಲ್ಲ. 8.24ಕ್ಕೆ ಇಪ್ಪತ್ತು ನಿಮಿಷ ತುಂಬಿತು, ಟಾರ್ಚ್ ಬೆಳಕಿನಲ್ಲಿ ಯಾರೂ ಹಿಡಿಯದೆ ಮರಳಿನ ಮೇಲೆ ಬಿದ್ದದ್ದನ್ನು ತೆಳು ನಳಿಕೆಯಿಂದ ಎಳೆದು ತೆಗೆದಾಗ ಬಕೆಟ್ಟಿಗೆ ಎರಡು ಲೀಟರ್ ನೀರೂ ಬಂತು. ಆಮೇಲೆ ಹರಿವಿನ ಪಂಪೊಂದನ್ನೇ ಇನ್ವರ್ಟರ್ ಮೇಲೆ ಹಚ್ಚಿದ್ದು. ಅದು ಹತ್ತು ವಾಟ್‌ನ ಡಿಸಿ ಪಂಪ್, 150 ಎಎಚ್ ಬ್ಯಾಟರಿಯಲ್ಲಿ ರಾತ್ರಿಯಿಡೀ ಓಡುತ್ತದೆ. ಹಳೆಯ ಎಸಿ ಪಂಪಾದರೆ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ, ಆ ಬಿಸಿಯೂ ನೀರಿಗೇ ಸೇರುತ್ತದೆ.

ಕೈಗೆ ಸಿಗದೆ ಸಂದಿಗಳಲ್ಲಿ ಉಳಿದದ್ದನ್ನು ತಿಂದು ತೀರಿಸುವವು ಕಲ್ಲಿನೊಳಗಿನ ಬ್ಯಾಕ್ಟೀರಿಯಾ. ಆದ್ದರಿಂದಲೇ ಕಲ್ಲು ಜೇನುಹುಟ್ಟಿನಂತೆ ತೂತುತೂತಾಗಿರಬೇಕು. ನಮ್ಮ ಜಿಲ್ಲೆಯಲ್ಲಿ ಸುಣ್ಣದಕಲ್ಲಿಗೆ ಬರವಿಲ್ಲ, ಲೋಕಾಪುರದ ಕಡೆ ಹೋದರೆ ರಾಶಿ. ಕಲಾದಗಿ ಪದರದ ಈ ಕಲ್ಲು ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಕಡಲಿನ ತಳವೇ. ತಂದು ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಅಷ್ಟು ಕಾಲದ ಭಾರಕ್ಕೆ ಅದು ಒತ್ತಿ ಗಟ್ಟಿಯಾಗಿದೆ, ಒಳಗೆ ನೀರು ಇಳಿಯಲು ರಂಧ್ರವಿಲ್ಲ. ನೋಡಲು ಚಂದ, ಕೆಲಸಕ್ಕಿಲ್ಲ.

ಕರೆಂಟ್ ಬಂದದ್ದು ಒಂಬತ್ತೂ ಮುಕ್ಕಾಲಿಗೆ. ರಿಟರ್ನ್ ಪಂಪ್, ಫ್ಯಾನ್ ಕೂಡಲೇ, ಸ್ಕಿಮ್ಮರ್ ಮಾತ್ರ ಸಂಪಿನ ಮಟ್ಟ ನಿಂತ ಅರ್ಧ ತಾಸಿನ ಮೇಲೆ. ಎಳೆದ ಎರಡು ಲೀಟರಿನ ಬದಲು ಹೊಸ ಉಪ್ಪುನೀರನ್ನೇ ಹಾಕಬೇಕು. ಸಿಹಿನೀರು ಹಾಕಿದರೆ ಉಪ್ಪು ಕೆಳಗಿಳಿಯುತ್ತದೆ.

ನೈಟ್ರೇಟ್, ಫಾಸ್ಫೇಟ್ ಪರೀಕ್ಷೆ ಅಂದೇ ಮಾಡಿದರೆ ಏನೂ ತಿಳಿಯುವುದಿಲ್ಲ, ಎರಡು ದಿನ ಬಿಡಬೇಕು. ಆಗ ಬಂದದ್ದು ಲೀಟರಿಗೆ ನೈಟ್ರೇಟ್ 8 ಮಿಲಿಗ್ರಾಂ, ಫಾಸ್ಫೇಟ್ 0.07, ಹಿಂದಿನ ವಾರದಷ್ಟೇ. ಫಾಸ್ಫೇಟ್ 0.2 ದಾಟಿದರೆ ಮುಂದಿನ ಊಟವನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲವಾದರೆ ಮರಳಿನ ಮೇಲೆ ಕೆಂಪು ಪೊರೆ ಹರಡುತ್ತದೆ, ಕಲ್ಲಿನಲ್ಲಿ ಐಪ್ಟೇಸಿಯಾ ಎಂಬ ಕಳೆಯಂಥ ಸಮುದ್ರ ಎನಿಮೊನಿ ಹೆಚ್ಚುತ್ತದೆ. ಎರಡೂ ಸೊನ್ನೆಗೆ ಇಳಿಯುವುದು ಅಷ್ಟೇ ಕೆಟ್ಟದ್ದು, ಹವಳ ಬಿಳಿಚುತ್ತದೆ, ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಬರುತ್ತದೆ.

ಅಂದು ರಾತ್ರಿ ಹನ್ನೊಂದಕ್ಕೆ ರೋಡ್ಯಾಕ್ಟಿಸ್ ಗಂಟು ಸಡಿಲಿಸಿತ್ತು. ನಡುವೆ ಬಿಳಿ ಲೋಳೆ ಸುತ್ತಿದ ಒಂದು ಮೈಸಿಸ್ ಹೊರಗೆ ಬಂದು ಬಿದ್ದಿತ್ತು. ಅದನ್ನು ನಳಿಕೆಯಿಂದ ತೆಗೆದು, ಗಡಿಗೆಯ ಪಕ್ಕದ ಪಟ್ಟಿಯಲ್ಲಿ ಬರೆದಿಟ್ಟದ್ದು: ರೋಡ್ಯಾಕ್ಟಿಸ್, ಮುಂದಿನ ಸಲ ಎರಡು.