1987ರ ಟಿ3 ಜೋಕರ್: ವಾಸರ್‌ಬಾಕ್ಸರ್ ಇಳಿಸಿದ ಮೇಲೆ ಯಾವ ಎಂಜಿನ್?

ವಾಹನ: ಫೋಕ್ಸ್‌ವ್ಯಾಗನ್ ಟಿ3 (ಎಂಜಿನ್ ಹಿಂದಿರುವ ವ್ಯಾನ್), ವೆಸ್ಟ್‌ಫಾಲಿಯಾ ಜೋಕರ್ (ಅದರ ಕ್ಯಾಂಪರ್ ಮಾದರಿ), 1987, ಜರ್ಮನಿಯ ನೋಂದಣಿ. ಎಂಜಿನ್ 2109 ಸಿಸಿ ವಾಸರ್‌ಬಾಕ್ಸರ್ (ನೀರಿನಿಂದ ತಣಿಯುವ, ಸಿಲಿಂಡರ್‌ಗಳು ಎರಡು ಬದಿಗೆ ಮಲಗಿದ ಎಂಜಿನ್), ಕೋಡ್ ಎಂವಿ, 95 ಪಿಎಸ್ (ಅಶ್ವಶಕ್ತಿ). ಗೇರ್ ನಾಲ್ಕು.

ವಾರ 1

ಕಂಪ್ರೆಷನ್ (ಒಂದೊಂದು ಸಿಲಿಂಡರ್ ಹಿಡಿಯುವ ಒತ್ತಡ): 10.8, 10.5, 10.6, 7.3 ಬಾರ್. ನಾಲ್ಕನೆಯ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದರೂ ಅಂಕಿ ಏರಲಿಲ್ಲ. ಅಂದರೆ ಪಿಸ್ಟನ್ ರಿಂಗ್ ಅಲ್ಲ, ವಾಲ್ವ್ ಇಲ್ಲವೇ ಹೆಡ್ಡಿನ (ಸಿಲಿಂಡರಿನ ಮುಚ್ಚಳದ) ಕಡೆಯ ಸೋರಿಕೆ. ಕೂಲಂಟ್‌ಗೆ (ಎಂಜಿನ್ ತಣಿಸುವ ದ್ರವಕ್ಕೆ) ಕೈಪಂಪಿನಿಂದ 1 ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟಾಗ ಎಡ ಹೆಡ್ಡಿನ ಕೆಳಅಂಚಿನಲ್ಲಿ ಹನಿ ಕಂಡಿತು.

ಈ ಎಂಜಿನ್‌ನಲ್ಲಿ ನೀರು ತಡೆಯುವುದು ಹೆಡ್ ಮತ್ತು ಬ್ಲಾಕಿನ ನಡುವಿನ ಅಗಲ ರಬ್ಬರ್ ಪಟ್ಟಿ. ರಬ್ಬರ್ ಹಳತಾದರೆ ಬದಲಿಸಬಹುದು. ಆದರೆ ಅದು ಕೂರುವ ಅಲ್ಯೂಮಿನಿಯಂ ಅಂಚು ತಿಂದುಹೋಗಿ ಗುಳಿ ಬಿದ್ದಿದ್ದರೆ ಹೊಸ ರಬ್ಬರ್ ನಿಲ್ಲುವುದಿಲ್ಲ. ಇಲ್ಲಿ ಹೆಡ್ ಬಿಚ್ಚಿದಾಗ ಎರಡೂ ಕಡೆ ಗುಳಿ ಇತ್ತು. ತಪ್ಪು ಕೂಲಂಟ್ ತುಂಬಿಸಿದ್ದರ ಫಲ ಇದು; ಫಾಸ್ಫೇಟ್ ಇಲ್ಲದ್ದೇ ಆಗಬೇಕು.

ಅದೇ ಎಂಜಿನ್ ರಿಪೇರಿ ಮಾಡುವುದಾದರೆ ಹೊಸ ಹೆಡ್ ಎರಡು, ಪೂರ್ತಿ ಗ್ಯಾಸ್ಕೆಟ್ ಸೆಟ್, ಜೊತೆಗೆ ಕನೆಕ್ಟಿಂಗ್ ರಾಡ್ ಬೋಲ್ಟ್‌ಗಳು ಬೇಕು. 2.1ರಲ್ಲಿ ಈ ಬೋಲ್ಟ್‌ಗಳು ಬಿಗಿದಾಗ ಹಿಗ್ಗುವ ಜಾತಿಯವು. ಹಳೆಯವನ್ನೇ ಬಿಟ್ಟರೆ ಒಂದು ದಿನ ರಾಡ್ ಎಂಜಿನ್ನಿನ ಕೇಸನ್ನು ಒಡೆದುಕೊಂಡು ಹೊರಬರುತ್ತದೆ. ಅಂದರೆ ಕೇಸ್ ಬಿಚ್ಚಲೇಬೇಕು, ಹೆಡ್ ಮಾತ್ರ ಹಾಕಿ ಮುಗಿಸುವ ಕೆಲಸವಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಅದೇ 95 ಪಿಎಸ್. ಕಾಗದಪತ್ರದ ತಂಟೆಯೇ ಬೇಡ ಎನ್ನುವವರಿಗೆ ಮಾತ್ರ ಈ ದಾರಿ ಸರಿ.

ವಾರ 2

ಎಂಜಿನ್ ಹುಡುಕುವ ಮೊದಲು, ವಾಹನದ ಬದಲಾವಣೆಗೆ ಒಪ್ಪಿಗೆ ಕೊಡುವ ಪರೀಕ್ಷಕರ ಬಳಿ ಮಾತಾಡಬೇಕು. 30 ವರ್ಷ ದಾಟಿದ ವಾಹನಕ್ಕೆ ಜರ್ಮನಿಯಲ್ಲಿ 'ಎಚ್' (ಹಳೆಯ ಕಾಲದ ವಾಹನದ) ನಂಬರ್ ಪ್ಲೇಟ್ ಸಿಗುತ್ತದೆ. ವರ್ಷಕ್ಕೆ ಸುಮಾರು 192 ಯೂರೋ ತೆರಿಗೆ, ಎಂಜಿನ್ ಎಷ್ಟೇ ಸಿಸಿ ಇರಲಿ. ನಗರಗಳ ಪರಿಸರ ವಲಯಕ್ಕೂ ಪ್ರವೇಶ ಉಂಟು. ಆದರೆ ಮಾಡಿದ ಬದಲಾವಣೆ ಮೊದಲ ನೋಂದಣಿಯಿಂದ ಹತ್ತು ವರ್ಷದೊಳಗಿನ ಕಾಲಕ್ಕೆ ಹೊಂದಬೇಕು. ಈ ವ್ಯಾನಿಗೆ ಗಡಿ 1997. ಈ ಒಂದು ಜರಡಿಯಲ್ಲೇ, ಆಮೇಲೆ ಬಂದ ಪಂಪ್-ಡ್ಯೂಸೆ ಡೀಸೆಲ್‌ಗಳು (ಪ್ರತಿ ಸಿಲಿಂಡರಿಗೂ ಬೇರೆ ಇಂಧನ ಪಂಪ್ ಇರುವವು) ಕೆಳಗೆ ಬಿದ್ದವು. ಉಳಿದದ್ದು ಎರಡು: ಫೋಕ್ಸ್‌ವ್ಯಾಗನ್ 1.9 ಟಿಡಿಐ ಟರ್ಬೊ ಡೀಸೆಲ್ (ಕೋಡ್ 1ಝಡ್ 90 ಪಿಎಸ್, ಎಎಫ್‌ಎನ್ 110 ಪಿಎಸ್), ಮತ್ತು ಸುಬಾರು ಇಜೆ22, 2212 ಸಿಸಿ, 136 ಪಿಎಸ್.

ಕಾರ್ಖಾನೆಯೇ ಟಿ3ಗೆ ಕೊಟ್ಟ ಅತಿ ಬಲವಾದ ವಾಸರ್‌ಬಾಕ್ಸರ್ 112 ಪಿಎಸ್‌ನದು. ಅದಕ್ಕಿಂತ ಮೇಲೆ ಹೋದರೆ ಬ್ರೇಕಿನ ಪ್ರಶ್ನೆ ಬರುತ್ತದೆ. ಪರೀಕ್ಷಕರ ಉತ್ತರವನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ.

ವಾರ 3: ಟಿಡಿಐ ಲೆಕ್ಕ

ಡೀಸೆಲ್ ಟಿ3ಯಲ್ಲಿ ಎಂಜಿನ್ 50 ಡಿಗ್ರಿ ಎಡಕ್ಕೆ ವಾಲಿ ಕೂರುತ್ತದೆ. ಟಿಡಿಐಯನ್ನೂ ಹಾಗೆಯೇ ಕೂರಿಸಬೇಕು. ಅದಕ್ಕೆ ಹಳೆಯ ಟರ್ಬೊ ಡೀಸೆಲ್‌ನ (ಜೆಎಕ್ಸ್) ಆಯಿಲ್ ಚೇಂಬರ್ (ಎಂಜಿನ್ ತಳದ ಎಣ್ಣೆತೊಟ್ಟಿ), ಎಣ್ಣೆ ಹೀರುವ ಪೈಪ್, ಡಿಪ್‌ಸ್ಟಿಕ್ ಮತ್ತು ಅದರ ಕೊಳವೆ, ಎಂಜಿನ್ ಬ್ರಾಕೆಟ್‌ಗಳು, ಗೇರ್‌ಬಾಕ್ಸಿಗೆ ಡೀಸೆಲ್‌ನ ಬೆಲ್‌ಹೌಸಿಂಗ್ (ಎಂಜಿನ್ನಿಗೆ ಜೋಡಿಸುವ ಕವಚ) ಬೇಕು. ಕಾರಿನ ಡಿಪ್‌ಸ್ಟಿಕ್ ಬಳಸಿದರೆ ವಾಲಿದ ಎಂಜಿನ್‌ನಲ್ಲಿ ಎಣ್ಣೆಯ ಮಟ್ಟ ತಪ್ಪಾಗಿ ಕಾಣುತ್ತದೆ.

ಹೆಚ್ಚು ಜನ ಎಡವುವುದು ಎರಡು ಕಡೆ. ಟರ್ಬೊದಿಂದ ಎಣ್ಣೆ ಇಳಿಯುವ ಪೈಪ್ ವಾಲಿದ ಮೇಲೂ ಇಳಿಜಾರಾಗಿಯೇ ಇರಬೇಕು, ಇಲ್ಲದಿದ್ದರೆ ಎಣ್ಣೆ ಟರ್ಬೊದಲ್ಲೇ ನಿಂತು ಸೀಲ್ ದಾಟುತ್ತದೆ. ಕ್ರ್ಯಾಂಕ್‌ಕೇಸ್ ಉಸಿರುನಳಿಕೆಯನ್ನು ಎಣ್ಣೆ ಎರಚದ ಎತ್ತರಕ್ಕೆ ಸಾಗಿಸಬೇಕು. ಸಾಗಿಸದಿದ್ದರೆ ಎಂಜಿನ್ ತನ್ನ ಎಣ್ಣೆಯನ್ನೇ ಹೀರಿ ಉರಿಸುತ್ತ, ಕೀ ತೆಗೆದರೂ ನಿಲ್ಲದೆ ಏರುತ್ತಲೇ ಹೋಗುತ್ತದೆ. ಇದು ಜೀವಕ್ಕೆ ಅಪಾಯದ ಮಾತು.

ಮುಂದಿನದು ಗೇರ್. 185 ಆರ್ 14 ಟೈರ್ ಒಂದು ಸುತ್ತಿಗೆ ಸುಮಾರು 2.04 ಮೀಟರ್ ಉರುಳುತ್ತದೆ. ನಾಲ್ಕನೆಯ ಗೇರ್ ಮತ್ತು ಡಿಫರೆನ್ಷಿಯಲ್ ಸೇರಿ ಅನುಪಾತ 4.1 ಎಂದಿಟ್ಟರೆ ಗಂಟೆಗೆ 100 ಕಿ.ಮೀ.ಗೆ 3350 ಆರ್‌ಪಿಎಂ, 120ಕ್ಕೆ 4000 ದಾಟುತ್ತದೆ. 1900ರಲ್ಲೇ ತುಂಬು ಎಳೆತ ಕೊಡುವ ಡೀಸೆಲ್‌ಗೆ ಇದು ದುಡಿಸಿ ಸಾಯಿಸಿದ ಹಾಗೆ. ಉದ್ದದ ನಾಲ್ಕನೆಯ ಗೇರ್ ಹಾಕಿಸಲೇಬೇಕು. ಜೊತೆಗೆ ಎಎಫ್‌ಎನ್‌ನ 235 ನ್ಯೂಟನ್ ಮೀಟರ್ ತಿರುಚು ಬಲವನ್ನು ತಾಳುವಂತೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಕಟ್ಟಬೇಕು. ದೂರದ ಪ್ರಯಾಣ ಹೆಚ್ಚಿದ್ದು, ಗೇರ್‌ಬಾಕ್ಸ್ ಹೇಗೂ ಬಿಚ್ಚುವುದಿದ್ದರೆ ಟಿಡಿಐಗೆ ಸಾಟಿಯಿಲ್ಲ. ಇಲ್ಲಿಯ ಗೇರ್‌ಬಾಕ್ಸ್ ಗಟ್ಟಿಯಾಗಿದೆ, ಅದನ್ನು ಕೆಡವುವ ಕಾರಣವಿಲ್ಲ. ಹಾಗಾಗಿ ಆರಿಸಿದ್ದು ಸುಬಾರು.

ವಾರ 4–6: ಇಜೆ22

ಇದೂ ಅಡ್ಡ ಮಲಗಿದ ಬಾಕ್ಸರ್. ತಿರುಗುವ ದಿಕ್ಕು ಅದೇ, ಪೆಟ್ರೋಲ್ ಗೇರಿನ ಅನುಪಾತ ಹಾಗೆಯೇ ಒಪ್ಪುತ್ತದೆ, ಮೇಲಿನ ಮುಚ್ಚಳ ಕತ್ತರಿಸುವುದಿಲ್ಲ. 1996ರವರೆಗಿನ ಎಂಜಿನ್ ಆರಿಸಿಕೊಂಡರೆ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವ್ ಬಾಗುವುದಿಲ್ಲ. ಎರಡು ಕ್ಯಾಮ್‌ನ ಮೊದಲ 2.5 ಲೀಟರ್ ಇಜೆ25ರ ಬಲ ಕಂಡು ಮರುಳಾಗಬೇಡಿ. ಹೆಡ್ ಗ್ಯಾಸ್ಕೆಟ್ ಕಾಟದಿಂದ ತಪ್ಪಿಸಿಕೊಳ್ಳಲು ಹೊರಟು ಅದೇ ಕಾಟ ತಂದುಕೊಂಡಂತಾಗುತ್ತದೆ.

ಸ್ಟ್ಯಾಂಡಿನ ಮೇಲಿರುವಾಗಲೇ ಬದಲಿಸಿದ್ದು: ಬೆಲ್ಟ್, ಟೆನ್ಷನರ್, ಐಡ್ಲರ್‌ಗಳು, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್‌ಗಳು, ವಾಲ್ವ್ ಕವರ್ ಗ್ಯಾಸ್ಕೆಟ್. ಆಯಿಲ್ ಪಂಪ್ ಬಿಚ್ಚಿ ಹಿಂಬದಿಯ ಸ್ಕ್ರೂಗಳಿಗೆ ಥ್ರೆಡ್ ಲಾಕ್ ಹಾಕಿ ಬಿಗಿದಿದೆ. ಇವು ತಾವಾಗಿಯೇ ಸಡಿಲಾಗುತ್ತವೆ. ಫ್ಲೈವೀಲ್ ಹಿಂದಿನ ಪ್ಲಾಸ್ಟಿಕ್ ಸೆಪರೇಟರ್ ಪ್ಲೇಟ್ ತೆಗೆದು ಲೋಹದ್ದು ಕೂರಿಸಿದೆ.

ಸುಬಾರು ಆಯಿಲ್ ಚೇಂಬರ್ ಟಿ3ಯಲ್ಲಿ ತೀರ ಕೆಳಗೆ ಇಳಿದು ನೆಲಕ್ಕೆ ತಾಗುವಂತಾಗುತ್ತದೆ. ಗಿಡ್ಡ ಚೇಂಬರ್ ಹಾಕಿದಾಗ ಹೀರುವ ಪೈಪನ್ನೂ ಅಷ್ಟೇ ಗಿಡ್ಡ ಮಾಡಬೇಕು. ಚೇಂಬರಿನ ತಳಕ್ಕೆ ಮೆತ್ತನೆ ಜೇಡಿಮಣ್ಣಿನ ಉಂಡೆ ಇಟ್ಟು ಒಮ್ಮೆ ಕೂರಿಸಿ ತೆಗೆದರೆ ನಡುವಿನ ಸಂದು ಎಷ್ಟೆಂದು ಗೊತ್ತಾಗುತ್ತದೆ.

ಇನ್ನು ಕೂಲಂಟ್. ಈ ಬದಲಾವಣೆಯಲ್ಲಿ ಎಂಜಿನ್ ಸುಡುವುದು ಬಹುಪಾಲು ಇಲ್ಲೇ. ಸುಬಾರುವಿನ ಥರ್ಮೋಸ್ಟಾಟ್ ಪಂಪಿನ ಒಳಹರಿವಿನ ಬದಿಯಲ್ಲಿದೆ, ರೇಡಿಯೇಟರ್‌ನಿಂದ ಮರಳುವ ತಣ್ಣನೆ ನೀರು ಬರುವ ಕಡೆ. ಹೀಟರ್ ಸುತ್ತಿ ಬರುವ ಬಿಸಿನೀರು ತಾಗಿದರೆ ಮಾತ್ರ ಅದು ತೆರೆಯುತ್ತದೆ. ಟಿ3ಯಲ್ಲಿ ಹೀಟರಿನ ನಲ್ಲಿಯನ್ನು ಮುಚ್ಚಿದರೆ ಆ ಹರಿವೇ ನಿಲ್ಲುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಥರ್ಮೋಸ್ಟಾಟ್‌ಗೆ ಸುಳಿವಿಲ್ಲ. ಪರಿಹಾರ: ಮೇಲಿನ ಅಡ್ಡಪೈಪಿನಿಂದ ಪಂಪಿನ ಹೀಟರ್ ಮರಳುಬಾಯಿಗೆ ನಡುವೆ ನಲ್ಲಿಯೇ ಇಲ್ಲದ ಬೈಪಾಸ್ ಹೋಸ್.

ತುಂಬಿದ್ದು ಸುಮಾರು 17 ಲೀಟರ್. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಇರುವುದರಿಂದ ಗಾಳಿ ಸಿಕ್ಕಿಕೊಳ್ಳುತ್ತದೆ. ವ್ಯಾನಿನ ಮೂತಿಯನ್ನು 40 ಸೆಂ.ಮೀ. ಎತ್ತಿ, ರೇಡಿಯೇಟರ್‌ನ ಗಾಳಿ ಸ್ಕ್ರೂ ಸಡಿಲಿಸಿ, ಎಂಜಿನ್ ಅನ್ನು 2000 ಆರ್‌ಪಿಎಂನಲ್ಲಿ ಹಿಡಿದು ಗುಳ್ಳೆಯಿಲ್ಲದ ನೀರು ಬರುವವರೆಗೆ ತುಂಬುತ್ತಿರಬೇಕು.

ವಾರ 7

ಎಂಜಿನ್ ಶುರುವಾಗಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಜೋಡಿಸುವ ಅಡಾಪ್ಟರ್ ಪ್ಲೇಟ್ ಡೋವೆಲ್ ಪಿನ್‌ಗಳ (ಜಾಗ ಹಿಡಿಯುವ ಗೂಟಗಳ) ಮೇಲೆ ಬಿಗಿಯಾಗಿ ಕೂತಿದೆ, ಹೀಟರ್ ಮುಚ್ಚಿದರೂ ಕೆಳಗಿನ ಹೋಸ್ ಸಮಯಕ್ಕೆ ಬಿಸಿಯಾಗುತ್ತದೆ, ಫ್ಯಾನ್ ತಾನೇ ಹತ್ತಿ ಆರುತ್ತಿದೆ. ಉಳಿದದ್ದು ವೈರಿಂಗ್‌ನ ಒಂದು ತುದಿ: ಸುಬಾರು ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ವೇಗದ ಸಂಕೇತ ಬೇಕು. ಅದಿಲ್ಲದಿದ್ದರೆ ಎಚ್ಚರಿಕೆ ದೀಪ ಹತ್ತುತ್ತದೆ, ಉರುಳುತ್ತಾ ನಿಲ್ಲುವಾಗ ಎಂಜಿನ್ ಆರಿಹೋಗಬಹುದು. ಸ್ಪೀಡೋಮೀಟರ್ ಕೇಬಲ್ಲಿಗೆ ಸೆನ್ಸರ್ ಕೂರಿಸಿದ ಮೇಲೆ ರಸ್ತೆಗೆ. ಎಕ್ಸಾಸ್ಟ್ ಪೈಪಿನ ಅಳತೆ ತೆಗೆದು ಬೆಸುಗೆಗೆ ಕೊಟ್ಟಿದೆ. ಕ್ಯಾಟಲಿಸ್ಟ್ (ಹೊಗೆ ಶುದ್ಧಿಮಾಡುವ ಭಾಗ) ಮತ್ತು ಲ್ಯಾಂಬ್ಡಾ ಸೆನ್ಸರ್ (ಹೊಗೆಯ ಆಮ್ಲಜನಕ ಅಳೆಯುವುದು) ಸೇರಿದ ನಂತರವೇ ಪರೀಕ್ಷಕರ ದಿನ ಗೊತ್ತುಮಾಡುವುದು.